ಓಕ್ಲ್ಯಾಂಡಿನ ಕಷಾಯ

ಗ್ಯಾರೇಜು ಒಪ್ಪ ಮಾಡೋಣ ಎಂದು ನನ್ನ ಗಂಡ ಮೂರ್ತಿ ವರ್ಷಕ್ಕೊಮ್ಮೆ ಹೊರಡುತ್ತಾರೆ. ಒಪ್ಪ ಮಾಡುವುದು ಅಂದರೆ ಅವರು ನಡುವೆ ಕುರ್ಚಿ ಹಾಕಿಕೊಂಡು ಕೂರುವುದು, ನಾನು ಒಂದೊಂದೇ ಸಾಮಾನು ಎತ್ತಿ ತೋರಿಸುವುದು, ಅವರು "ಇರಲಿ ಬಿಡು" ಅನ್ನುವುದು. ಕೆಟ್ಟ ಪ್ರಿಂಟರಿಗೂ ಇರಲಿ ಬಿಡು, ಜೊತೆ ಕಳಕೊಂಡ ಒಂಟಿ ಶೂಗೂ ಇರಲಿ ಬಿಡು. ಹೋದ ತಿಂಗಳು ಹೀಗೆಯೇ ಕೆದಕುತ್ತಿದ್ದಾಗ ಹಳೇ ಟವೆಲಿನಲ್ಲಿ ಸುತ್ತಿಟ್ಟ ಒಂದು ಮಣ್ಣಿನ ಪಾತ್ರೆ ಕೈಗೆ ಬಂತು. ಹೊಟ್ಟೆಗೆ ತಂತಿ ಬಿಗಿದದ್ದು, ಪಕ್ಕಕ್ಕೊಂದು ಹಿಡಿ, ಮುಂದಕ್ಕೆ ಗಿಂಡಿಯ ಹಾಗೆ ಒಂದು ಮೂತಿ. ಮುಚ್ಚಳ ತೆಗೆದರೆ ಇಷ್ಟು ವರ್ಷದ ಮೇಲೂ ಒಳಗೆ ಅದೇ ವಾಸನೆ. ಮೂರ್ತಿ ಒಂದು ಸಲ ನೋಡಿದರು. ಇರಲಿ ಬಿಡು ಅನ್ನಲಿಲ್ಲ, ಬಿಸಾಡು ಅಂತಲೂ ಅನ್ನಲಿಲ್ಲ. ಎದ್ದು ಒಳಗೆ ಹೋಗಿ ಕಾಫಿಗೆ ನೀರಿಟ್ಟರು.

ಆ ವಾಸನೆ ಎಂಥದ್ದು ಅಂತ ನಿಮಗೆ ಹೇಗೆ ಹೇಳಲಿ? ಮೈಸೂರಿನ ಗ್ರಂದಿಗೆ ಅಂಗಡಿಯೊಳಕ್ಕೆ ಯಾವತ್ತಾದರೂ ಕಾಲಿಟ್ಟಿದ್ದರೆ ನನಗೆ ಅರ್ಧ ಕಷ್ಟ ಕಮ್ಮಿ. ಬಜೆ, ಹಿಪ್ಪಲಿ, ಅಳಲೆಕಾಯಿ, ಜ್ಯೇಷ್ಠಮಧು, ಊದುಬತ್ತಿ, ಗೋಣಿಚೀಲದ ಧೂಳು ಎಲ್ಲ ಸೇರಿ ಮೂಗಿಗೆ ಬಡಿಯುತ್ತದಲ್ಲ, ಆ ಘಾಟು. ಅದಕ್ಕೆ ಸ್ವಲ್ಪ ನೆಂದ ತೊಗಟೆ, ಸ್ವಲ್ಪ ಸೀದ ಬೆಲ್ಲ ಸೇರಿಸಿಕೊಳ್ಳಿ. ಚಿಕ್ಕಂದಿನಲ್ಲಿ ನಮ್ಮಜ್ಜಿ ನನ್ನನ್ನು ಅಂಥ ಅಂಗಡಿಗೆ ಎಳೆದುಕೊಂಡು ಹೋಗಿ, ಬೇಕಾದ್ದನ್ನೆಲ್ಲ ಪೊಟ್ಟಣ ಕಟ್ಟಿಸಿಕೊಂಡು ಬಂದು, ಕೆಮ್ಮಿಗೊಂದು ಕಷಾಯ, ಹೊಟ್ಟೆನೋವಿಗೊಂದು ಕಷಾಯ ಮಾಡುತ್ತಿದ್ದರು. ಪರೀಕ್ಷೆ ಬಂತೆಂದರೆ ಬುದ್ಧಿಗೆ ಅಂತ ಬಜೆ ತೇಯ್ದು ನಾಲಿಗೆಗೆ ಸವರುವುದು ಬೇರೆ. ನಾನು ಹಲ್ಲು ಕಚ್ಚಿಕೊಂಡು ಕೂತರೆ ಮೂಗು ಹಿಡಿದುಬಿಡುತ್ತಿದ್ದರು. ಉಸಿರಿಗಾಗಿ ಬಾಯಿ ಬಿಟ್ಟೆನೋ, ಮುಗಿಯಿತು ಕಥೆ. ಬುದ್ಧಿ ಬಂದದ್ದಕ್ಕೆ ಸಾಕ್ಷಿಯಿಲ್ಲ, ಆದರೆ ಕಹಿ ಕುಡಿಯುವುದರಲ್ಲಿ ಮಾತ್ರ ಪಳಗಿದೆ. ಅಜ್ಜಿಯ ಕಾಲಕ್ಕೇ ಅದೆಲ್ಲ ಮುಗಿಯಿತು ಅಂದುಕೊಂಡಿದ್ದೆ. ಸಮುದ್ರ ದಾಟಿ ಬಂದಮೇಲೆ, ಓಕ್ಲ್ಯಾಂಡಿನ ಹತ್ತಿರದ ಯೂನಿಯನ್ ಸಿಟಿಯ ಅಪಾರ್ಟ್‌ಮೆಂಟಿನಲ್ಲಿ ಮತ್ತೆ ಶುರುವಾಯಿತು.

ಅದು ಡಾಟ್‌ಕಾಮ್ ಕಾಲ. ಈಗಿನವರಿಗೆ ಹೇಳಿದರೆ ನಗುತ್ತಾರೆ. ನಾಯಿ ಬಿಸ್ಕತ್ತನ್ನು ಇಂಟರ್‌ನೆಟ್ಟಿನಲ್ಲಿ ಮಾರುತ್ತೇವೆ ಅಂದವರೂ ನಾಳೆಯೇ ಕೋಟ್ಯಧೀಶರಾಗುವ ಭರವಸೆಯಲ್ಲಿದ್ದರು. ಮೂರ್ತಿಯ ಸ್ಟಾರ್ಟಪ್ಪು ಏನು ಮಾಡುತ್ತದೆ ಅಂತ ನನಗೆ ಕೊನೆಯವರೆಗೂ ಅರ್ಥವಾಗಲಿಲ್ಲ, ಮೂರ್ತಿಗೆ ಅರ್ಥವಾಗಿತ್ತು ಅಂತ ನನಗೆ ನಂಬಿಕೆಯೂ ಇಲ್ಲ. ನಾನು ಇನ್ನೊಂದು ಕಂಪನಿಯಲ್ಲಿ ಟೆಸ್ಟಿಂಗಿನಲ್ಲಿದ್ದೆ, ಅಂದರೆ ಬೇರೆಯವರು ಮಾಡಿದ ತಪ್ಪು ಹುಡುಕಿ ನಿಷ್ಠುರ ಕಟ್ಟಿಕೊಳ್ಳುವ ಕೆಲಸ. ಹಬ್ಬ ಬಂದರೆ ಡ್ಯಾನ್‌ವಿಲ್‌ನಲ್ಲಿ ಯಾರದಾದರೂ ಮನೆಯಲ್ಲಿ ಕನ್ನಡದವರೆಲ್ಲ ಸೇರುತ್ತಿದ್ದೆವು. ಹಾಲಿನಲ್ಲಿ ಗಂಡಸರು ಮೂರ್ತಿಯನ್ನು ನಿಮ್ಮ ಐಪಿಓ ಯಾವಾಗ ಅಂತ ಕೇಳುತ್ತಿದ್ದರು. ಅಡುಗೆಮನೆಯಲ್ಲಿ ಹೆಂಗಸರು ನನ್ನನ್ನು, ಏನಮ್ಮಾ ವಿಶೇಷ ಏನಾದ್ರೂ ಇದೆಯಾ ಅಂತ ಕೇಳುತ್ತಿದ್ದರು. ಇಬ್ಬರೂ ಅಲ್ಲಲ್ಲಿ ಪೆಚ್ಚುನಗೆ ನಕ್ಕು, ಡಬ್ಬಿಯಲ್ಲಿ ಮಿಕ್ಕ ಪುಳಿಯೋಗರೆ ತುಂಬಿಸಿಕೊಂಡು ಬರುತ್ತಿದ್ದೆವು.

ವಿಶೇಷ ಇಲ್ಲದೆ ಏನು. ಎರಡು ಸಲ ಇತ್ತು. ಎರಡು ಸಲವೂ ಮೂರು ತಿಂಗಳು ತುಂಬುವ ಮೊದಲೇ ಹೋಯಿತು. ಮೂರನೇ ಸಲ ನಿಂತಾಗ ನಾನು ಯಾರಿಗೂ ಹೇಳುವುದಿಲ್ಲ ಅಂತ ಹಟ ಹಿಡಿದೆ. ಮೂರ್ತಿ ಹಾಸನದಲ್ಲಿದ್ದ ಅವರಮ್ಮನಿಗೆ ಫೋನಿನಲ್ಲಿ ಹೇಳಿಯೇಬಿಟ್ಟರು, ಅತ್ತೆ ವಿಮಾನ ಹತ್ತಿ ಬಂದೇಬಿಟ್ಟರು. ಅವರು ಬಂದ ಕೆಲವು ದಿನಕ್ಕೆ ನನಗೆ ಮತ್ತೆ ರಕ್ತ ಕಾಣಿಸಿಕೊಂಡಿತು. ಡಾಕ್ಟರಮ್ಮ ನೋಡಿ, ಮಗುವಿನ ಎದೆ ಬಡಿದುಕೊಳ್ಳುತ್ತಿದೆ, ಮಲಗಿರು, ಕಾದು ನೋಡೋಣ ಅಂದರು. ಬೇರೆ ಏನೂ ಔಷಧಿ ಇಲ್ಲವೇ ಅಂದೆ. ಇಲ್ಲ ಅಂದರು. ಈ ಮಗು ಉಳಿಯಬೇಕು, ನನಗೆ ಬೇರೇನೂ ಬೇಕಿರಲಿಲ್ಲ. ಕಾಯುವುದು ಒಂದು ಚಿಕಿತ್ಸೆ ಅಂತ ಒಪ್ಪಿಕೊಳ್ಳುವಷ್ಟು ತಾಳ್ಮೆಯೂ ಇರಲಿಲ್ಲ.

ಅತ್ತೆಯ ವಿಷಯ ಸ್ವಲ್ಪ ಹೇಳಬೇಕು. ಅವರು ಮಡಿಯವರು. ಈರುಳ್ಳಿ ಬೆಳ್ಳುಳ್ಳಿ ಮನೆಯೊಳಕ್ಕೆ ಬಂದರೆ ಮುಖ ಕಿವುಚುವಷ್ಟು. ಬಾತ್‌ರೂಮಿನ ಕರ್ಟನ್ ಕಂಬಿಯ ಮೇಲೆ ಅವರ ಮಡಿಸೀರೆ ಒಣಗುತ್ತಿತ್ತು. ಅದು ಅಲ್ಲಿರುವಷ್ಟು ಹೊತ್ತು ಮೂರ್ತಿಗೆ ಸ್ನಾನವಿಲ್ಲ. ಅಡುಗೆಮನೆಯ ಮೇಲಿನ ಕಪಾಟು ಒಂದನ್ನು ಖಾಲಿ ಮಾಡಿಸಿ, ಹ್ಯಾಂಡ್‌ಬ್ಯಾಗಿನಲ್ಲಿ ಕರ್ಚೀಫು ಸುತ್ತಿ ತಂದಿದ್ದ ಬೆಳ್ಳಿಯ ಅಂಬೆಗಾಲು ಕೃಷ್ಣನನ್ನು ಅಲ್ಲಿ ಕೂರಿಸಿದ್ದರು. ಇಂಗ್ಲಿಷು ಬರುತ್ತಿರಲಿಲ್ಲ, ಆದರೆ ಗ್ರೋಸರಿಗೆ ಹೋದರೆ ಮೊಸರಿನ ಡಬ್ಬಿಯ ಹಿಂದೆ ಜೆಲಾಟಿನ್ ಅಂತ ಬರೆದಿದೆಯೇ ಅಂತ ಅಕ್ಷರದ ಆಕಾರ ನೋಡಿ ಕಂಡುಹಿಡಿಯುತ್ತಿದ್ದರು. ಯಾರೋ ಅವರಿಗೆ ಅದು ದನದ ಚರ್ಮ, ಮೂಳೆ ಬೇಯಿಸಿ ತೆಗೆದದ್ದು ಅಂತ ಹೇಳಿದ್ದರಂತೆ. ಆಮೇಲೆ ಆ ಅಂಗಡಿಯಲ್ಲಿ ಅವರ ಕಣ್ಣು ತಪ್ಪಿಸಿ ಒಂದು ಐಸ್‌ಕ್ರೀಮನ್ನೂ ತರಲಾಗುತ್ತಿರಲಿಲ್ಲ. ನಾನು ಅವರನ್ನು ಹಿಂದಿನಿಂದ ಕಸ್ಟಮ್ಸು ಅಂತ ಕರೆಯುತ್ತಿದ್ದೆ. ಎದುರಿಗೆ ಅತ್ತೆ ಅಂತಲೇ.

ನನ್ನ ಪಕ್ಕದ ಕ್ಯೂಬಿಕಲ್ಲಿನಲ್ಲಿ ಐರೀನ್ ಅಂತ ಒಬ್ಬಳಿದ್ದಳು. ಹುಟ್ಟಿದ್ದು ಓಕ್ಲ್ಯಾಂಡಿನಲ್ಲೇ, ಅವಳ ಅಪ್ಪ ಅಮ್ಮ ಚೀನಾದಿಂದ ಬಂದವರು. ನಾನು ರಜೆ ಹಾಕಿದ್ದರ ಕಾರಣ ಊಹಿಸಿ ಮನೆಗೆ ಬಂದವಳು, ನಮ್ಮಮ್ಮನಿಗೂ ಹೀಗೇ ಆಗುತ್ತಿತ್ತಂತೆ, ಚೈನಾಟೌನಿನ ಒಬ್ಬ ವೈದ್ಯರ ಕಷಾಯ ಕುಡಿದಮೇಲೆ ನಾನು ನಿಂತೆ ಅಂದಳು. ಡಾಕ್ಟರಮ್ಮನನ್ನು ಕೇಳಿದೆ. ಅದರಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ, ಕುಡಿ ಅಂತ ನಾನು ಹೇಳಲಾರೆ ಅಂದರು. ಮುಳುಗುವವಳಿಗೆ ಇಂಥ ಮಾತು ಎಲ್ಲಿ ಕೇಳಿಸುತ್ತದೆ? ಐರೀನ್ ಕಾರಿನ ಸೀಟು ಹಿಂದಕ್ಕೆ ಒರಗಿಸಿ, ನನ್ನನ್ನು ಮೊಟ್ಟೆಯ ಹಾಗೆ ಕೂರಿಸಿಕೊಂಡು, ಫ್ರೀವೇಯಲ್ಲಿ ಎಲ್ಲರ ಹಾರ್ನು ತಿನ್ನುತ್ತಾ ನಿಧಾನವಾಗಿ ಓಕ್ಲ್ಯಾಂಡಿಗೆ ಕರಕೊಂಡು ಹೋದಳು.

ಅಂಗಡಿಯೊಳಗೆ ಕಾಲಿಟ್ಟೆ ನೋಡಿ, ನಮ್ಮಜ್ಜಿ ಯಾವುದೋ ಮೂಲೆಯಲ್ಲಿ ಪೊಟ್ಟಣ ಕಟ್ಟಿಸುತ್ತಾ ನಿಂತಿರಬೇಕು ಅನಿಸಿಬಿಟ್ಟಿತು. ಗೋಡೆಯ ತುಂಬ ಸಣ್ಣ ಸಣ್ಣ ಮರದ ಡ್ರಾಯರುಗಳು, ಗಾಜಿನ ಭರಣಿಗಳಲ್ಲಿ ಬೇರು, ಚಕ್ಕೆ, ಒಣಗಿದ ಹೂವು. ಕೆಲವು ಭರಣಿಗಳ ಕಡೆ ನಾನು ಬೇಕೆಂದೇ ನೋಡಲಿಲ್ಲ; ಒಂದರಲ್ಲಿ ಬಾಲವಿದ್ದ ಏನೋ ಇತ್ತು. ವೈದ್ಯರು ಮುದುಕರು. ಎರಡೂ ಕೈಯ ನಾಡಿ ಹಿಡಿದು ಕಣ್ಣು ಮುಚ್ಚಿಕೊಂಡರು. ನಾಲಿಗೆ ನೋಡಿದರು. ಅವರಿಗೆ ಇಂಗ್ಲಿಷು ಬರುತ್ತಿರಲಿಲ್ಲ, ಐರೀನ್ ನಡುವೆ ನಿಂತು ಎರಡೂ ಕಡೆ ಮಾತು ದಾಟಿಸುತ್ತಿದ್ದಳು. ಅವರ ಪದ್ಧತಿಯಲ್ಲಿ ಒಂದೊಂದು ಕಷಾಯವೂ ಒಂದೊಂದು ದರ್ಬಾರಂತೆ. ಒಂದು ಮೂಲಿಕೆ ರಾಜ, ಒಂದು ಮಂತ್ರಿ, ಒಂದು ಅವರಿಬ್ಬರೂ ಅತಿ ಮಾಡದ ಹಾಗೆ ನೋಡಿಕೊಳ್ಳುವ ಸಹಾಯಕ, ಇನ್ನೊಂದು ದಾರಿ ತೋರಿಸುವ ದೂತ. ಒಬ್ಬ ಇಲ್ಲದಿದ್ದರೂ ರಾಜ್ಯ ನಡೆಯುವುದಿಲ್ಲ. ಮೂರ್ತಿಯ ಆಫೀಸು ನೆನಪಾಯಿತು. ಅಲ್ಲಿ ಇದ್ದವರೆಲ್ಲ ವೈಸ್ ಪ್ರೆಸಿಡೆಂಟುಗಳು, ಬರೀ ರಾಜರು. ಕೆಲಸ ಹೇಳಿಸಿಕೊಳ್ಳಲು ಒಬ್ಬನೂ ಇರಲಿಲ್ಲ. ಆ ಕಷಾಯ ಆಮೇಲೆ ಹಳಸಿತು, ಆ ಮಾತು ಬಿಡಿ.

ನನ್ನ ದರ್ಬಾರಿನಲ್ಲಿ ನಾಲ್ಕೇ ಜನ. ಸಾಸಿವೆಯಂಥ ಕಂದು ಬೀಜ: ಬೇರೇ ಇಲ್ಲದೆ ಬೇರೆ ಗಿಡವನ್ನು ಸುತ್ತಿಕೊಂಡು ಬದುಕುವ ಬಳ್ಳಿಯದಂತೆ. ಹಿಪ್ಪುನೇರಳೆ ಮರದ ಮೇಲೆ ಬೆಳೆದ ಬಂದಳಿಕೆ. ಮುರಿದ ಮೂಳೆ ಕೂಡಿಸುತ್ತದೆ ಅನ್ನುವ ಒಂದು ಬೇರು. ಮತ್ತೆ ಒಂದು ಚಪ್ಪಟೆ ಹಲಗೆ, ಕಡುಕಂದು ಬಣ್ಣ, ಬೆಳಕಿಗೆ ಹಿಡಿದರೆ ಅಂಚು ಜೇನಿನ ಹಾಗೆ ಕಾಣುತ್ತಿತ್ತು. ಎಲ್ಲ ಅಂಟಿಕೊಳ್ಳುವ ಸಾಮಾನುಗಳೇ. ಬಳ್ಳಿ ಗಿಡವನ್ನು ಹಿಡಿದ ಹಾಗೆ, ಬಂದಳಿಕೆ ಕೊಂಬೆಯನ್ನು ಕಚ್ಚಿದ ಹಾಗೆ, ಮಗು ತಾಯಿಯನ್ನು ಹಿಡಿದುಕೊಳ್ಳಬೇಕು ಅಂತ. ವೈದ್ಯರು ಅದನ್ನು ಎರಡೂ ಮುಷ್ಟಿ ಬಿಗಿಹಿಡಿದು ತೋರಿಸಿದರು. ಆ ಬಿಗಿದ ಮುಷ್ಟಿ ನೋಡಿ ನನಗೆ ಅಲ್ಲೇ ಅಳು ಬಂತು. ಹಲಗೆ ಏನು ಅಂತ ನಾನು ಕೇಳಲೇ ಇಲ್ಲ. ನಮ್ಮಲ್ಲಿ ಬಾಣಂತಿಯರಿಗೆ ಅಂಟಿನುಂಡೆ ಮಾಡುತ್ತಾರಲ್ಲ, ಅಂಥದ್ದೇ ಯಾವುದೋ ಮರದ ಅಂಟು ಅಂದುಕೊಂಡುಬಿಟ್ಟೆ. ನೀವಾಗಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದಿರಿ.

ಮನೆಗೆ ಬಂದು ಪೊಟ್ಟಣ ಬಿಚ್ಚಿದೆವು. ಅತ್ತೆ ಹಲಗೆಯನ್ನು ತಿರುಗಿಸಿ ನೋಡಿ, ಒಳ್ಳೇ ಅಂಟು, ನಮ್ಮ ಕಡೆಯದಕ್ಕಿಂತ ಶುದ್ಧವಾಗಿದೆ ಅಂದರು. ಬಂದಳಿಕೆ ನೋಡಿ ಮಾತ್ರ ಬೇಜಾರು ಮಾಡಿಕೊಂಡರು. ಊರಿನಲ್ಲಿ ಮಾವಿನ ಮರ ಹಾಳು ಮಾಡುತ್ತದೆ ಅಂತ ಕಿತ್ತು ಬಿಸಾಡುವುದನ್ನು ಇಲ್ಲಿ ಸೊಸೆಗೆ ಕುಡಿಸಬೇಕಲ್ಲ ಅಂತ. ಮೂರ್ತಿ ಪ್ರೆಶರ್ ಕುಕ್ಕರಿನಲ್ಲಿ ಎರಡು ವಿಷಲ್ ಕೂಗಿಸಿದರೆ ಆಗುವುದಿಲ್ಲವೇ ಅಂತ ಕೇಳಿ ಇಬ್ಬರಿಂದಲೂ ಬೈಸಿಕೊಂಡರು. ಲೋಹದ ಪಾತ್ರೆ ಕೂಡದು ಅಂತ ಆ ಮಣ್ಣಿನ ಪಾತ್ರೆಯನ್ನೂ ಅಂಗಡಿಯಿಂದಲೇ ತಂದಿದ್ದೆ. ಒಂದು ಸಲ ಕುದಿಸಿ ಬಸಿಯಬೇಕು, ಮತ್ತೆ ನೀರು ಹಾಕಿ ಇನ್ನೊಂದು ಸಲ ಕುದಿಸಬೇಕು, ಎರಡನ್ನೂ ಸೇರಿಸಬೇಕು, ಕೊನೆಗೆ ಆ ಹಲಗೆಯ ಚೂರನ್ನು ಬಿಸಿ ಕಷಾಯದಲ್ಲಿ ಕರಗುವವರೆಗೂ ತಿರುವಬೇಕು. ಅತ್ತೆ ಒಲೆಯ ಮುಂದೆ ದೇವರನಾಮ ಹೇಳಿಕೊಳ್ಳುತ್ತಾ ತಿರುವುತ್ತಿದ್ದರು. ಮಲಗಿದ್ದ ನನಗೆ ಆ ದನಿ, ಆ ಘಾಟು ಎರಡೂ ಒಟ್ಟಿಗೆ ಬರುತ್ತಿತ್ತು. ರುಚಿಯ ಮಾತು ಕೇಳಬೇಡಿ. ಆದರೆ ರಕ್ತ ನಿಂತಿತು. ಕಷಾಯದಿಂದಲೋ, ಮಲಗಿದ್ದರಿಂದಲೋ, ಸುಮ್ಮನೆಯೋ, ನಿಂತಿತು. ಆ ದಿನಗಳಲ್ಲಿ ನಾನು ಅತ್ತೆಯನ್ನು ಕಸ್ಟಮ್ಸು ಅನ್ನುವುದನ್ನು ಬಿಟ್ಟೆ.

ಪೊಟ್ಟಣಗಳು ಮುಗಿಯುತ್ತಾ ಬಂದವು. ನಾನು ಏಳುವ ಹಾಗಿರಲಿಲ್ಲ, ಮೂರ್ತಿಗೆ ಆಫೀಸಿನಲ್ಲಿ ದಿನಾ ಮೀಟಿಂಗು, ಯಾರ ತಲೆ ಉರುಳುತ್ತದೋ ಅಂತ. ಅತ್ತೆಯೇ ಐರೀನ್ ಜೊತೆ ಹೋಗಿಬಂದರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದ ಇಬ್ಬರೂ ಅಷ್ಟು ದೂರ ಹೇಗೆ ಹೋದರೋ ಅಂತ ನಾನು ನಗುತ್ತಾ ಕೇಳಿದೆ. ಅತ್ತೆ ನಗಲಿಲ್ಲ. ಪೊಟ್ಟಣಗಳನ್ನು ಮೇಜಿನ ಮೇಲಿಟ್ಟು ಸೀದಾ ಸ್ನಾನಕ್ಕೆ ಹೋದರು. ಐರೀನ್ ಕೂಡ ಕಾಫಿ ಕುಡಿಯದೆ ಹೊರಟುಬಿಟ್ಟಳು.

ಅವತ್ತಿನಿಂದ ಮನೆಯ ರೀತಿಯೇ ಬದಲಾಯಿತು. ಅತ್ತೆ ಕಷಾಯ ಕುದಿಸುತ್ತಿದ್ದರು, ಆದರೆ ದೇವರನಾಮವಿಲ್ಲ. ಕುದಿಸಿ ನನಗೆ ಕೊಟ್ಟು, ತಲೆಗೆ ಸ್ನಾನ ಮಾಡಿ, ಆಮೇಲೆ ಅಡುಗೆ. ದೇವರ ಕಪಾಟಿನ ಹತ್ತಿರ ಹೋಗುವುದನ್ನೇ ಬಿಟ್ಟರು. ಸೊಂಟ ಹಿಡಿದಿದೆ, ಕೈ ಎತ್ತಕ್ಕಾಗಲ್ಲ, ನೀನೇ ದೀಪ ಹಚ್ಚಪ್ಪ ಅಂತ ಮಗನಿಗೆ ಹೇಳಿದರು. ಸೊಂಟಕ್ಕೂ ಕೈಗೂ ಏನು ಸಂಬಂಧವೋ ನನಗೆ ತಿಳಿಯಲಿಲ್ಲ. ಪ್ಯಾಂಟಿನ ಮೇಲೆ ಪೇಜರು ಸಿಕ್ಕಿಸಿಕೊಂಡು ಮೂರ್ತಿ ದೀಪ ಹಚ್ಚುವುದು, ಮಂತ್ರದ ಮಧ್ಯೆ ಅದು ಬಡಿದುಕೊಳ್ಳುವುದು, ಅವರು ಮಂತ್ರ ಅಲ್ಲಿಗೇ ಬಿಟ್ಟು ಓಡುವುದು. ಬೇರೆ ಸಮಯದಲ್ಲಾಗಿದ್ದರೆ ನಕ್ಕು ಸಾಯುತ್ತಿದ್ದೆ. ಆಗ ಮಾತ್ರ ನನಗೆ ಒಂದೇ ಅರ್ಥ ಹೊಳೆಯುತ್ತಿತ್ತು. ಈ ಸೊಸೆಯ ಹೊಟ್ಟೆಯಲ್ಲಿ ಮಗು ನಿಲ್ಲುವುದಿಲ್ಲ ಅಂತ ಇವರಿಗೆ ಗೊತ್ತಾಗಿಬಿಟ್ಟಿದೆ, ಅದಕ್ಕೇ ದೇವರನ್ನು ಕೇಳುವುದನ್ನೂ ನಿಲ್ಲಿಸಿದ್ದಾರೆ. ನನ್ನನ್ನು ಮುಟ್ಟಿದ್ದಕ್ಕೇ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಾರೆ. ಮಲಗಿದವರ ತಲೆ ಸುಮ್ಮನಿರುವುದಿಲ್ಲ ನೋಡಿ. ಗೋಡೆಯ ಕಡೆ ತಿರುಗಿಕೊಂಡು ಲೋಟ ಖಾಲಿ ಮಾಡುತ್ತಿದ್ದೆ. ಅವರು ಖಾಲಿಯಾಗುವವರೆಗೂ ಪಕ್ಕದಲ್ಲೇ ನಿಂತಿರುತ್ತಿದ್ದರು. ತಳದಲ್ಲಿ ಉಳಿದರೆ ಬಿಡುತ್ತಿರಲಿಲ್ಲ. ಅದೂ ನನಗೆ ಕಾವಲಿನ ಹಾಗೆ ಕಾಣುತ್ತಿತ್ತು.

ಒಂದು ಮಂಗಳವಾರ ಮಧ್ಯಾಹ್ನ ಮಗು ಹೋಯಿತು.

ಅದರ ವಿವರ ಬರೆಯಲು ನನಗೆ ಇಷ್ಟವಿಲ್ಲ, ಓದಲು ನಿಮಗೂ ಬೇಡ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ನನ್ನ ಕೈ ಹಿಡಿದುಕೊಂಡು, ಇದು ಯಾರೋ ಏನೋ ಮಾಡಿದ್ದರಿಂದಾಗಲೀ ಮಾಡದ್ದರಿಂದಾಗಲೀ ಆದದ್ದಲ್ಲ ಅಂದರು. ಮೂರ್ತಿ ಬಾಗಿಲ ಹತ್ತಿರ ನಿಂತು ತಲೆಯಾಡಿಸುತ್ತಿದ್ದರು, ಮೀಟಿಂಗಿನಲ್ಲಿ ಆಡಿಸುವ ಹಾಗೆ. ವಾಪಸು ಬರುವಾಗ ಫ್ರೀವೇಯಲ್ಲಿ ಎಲ್ಲ ಕಾರುಗಳೂ ಎಲ್ಲಿಗೋ ಅವಸರದಲ್ಲಿದ್ದವು. ನನಗೆ ಎಲ್ಲರ ಮೇಲೂ ಸಿಟ್ಟು ಬಂತು.

ಮನೆಯಲ್ಲಿ ಅತ್ತೆ ಬಿಸಿನೀರು ಕಾಸಿಟ್ಟಿದ್ದರು. ಬೆನ್ನಿಗೆ ಎಣ್ಣೆ ಹಚ್ಚಿದರು, ಮೆಣಸಿನ ಸಾರು ಅನ್ನ ಕಲಸಿ ಕೊಟ್ಟರು. ಹಡೆದವಳಿಗೆ ಏನೇನು ಮಾಡುತ್ತಾರೋ ಅದನ್ನೆಲ್ಲ ಮಾಡಿದರು, ಮಾತೊಂದು ಬಿಟ್ಟು. ಕೆಲವು ದಿನವಾದ ಮೇಲೆ, ಮೂರ್ತಿ ಆಫೀಸಿಗೆ ಹೋದಮೇಲೆ, ಎದ್ದು ಅಡುಗೆಮನೆಗೆ ಹೋದೆ. ಅತ್ತೆ ಅವರೆಕಾಯಿ ಬಿಡಿಸುವವರ ಹಾಗೆ ನೆಲದ ಮೇಲೆ ಕಾಲು ಚಾಚಿ ಕೂತಿದ್ದರು, ಮುಂದೆ ಏನೂ ಇರಲಿಲ್ಲ. ಕಷಾಯವೂ ಇಲ್ಲ, ಸೊಂಟವೂ ನೆಟ್ಟಗಾಗಿದೆ, ಇನ್ನಾದರೂ ದೇವರಿಗೆ ದೀಪ ಹಚ್ಚಿ ಅಂದೆ. ನನ್ನ ದನಿಯಲ್ಲಿ ಚುಚ್ಚು ಇತ್ತು. ಇರಲಿ ಅಂತಲೇ ಅಂದೆ.

ಅವರು ನನ್ನ ಮುಖ ನೋಡಲಿಲ್ಲ. "ಆ ಹಲಗೆ ಮರದ ಅಂಟಲ್ಲ ಕಣೇ ಗಿರಿಜಾ. ಕತ್ತೆ ಚರ್ಮದ್ದು" ಅಂದರು.

ಆಮೇಲೆ ಒಂದೊಂದಾಗಿ ಹೇಳಿದರು. ಅಂಗಡಿಯಲ್ಲಿ ಆ ಹಲಗೆಗಳನ್ನು ಡಬ್ಬಿಯಿಂದ ತೆಗೆಯುವಾಗ ಡಬ್ಬಿಯ ಮೇಲೆ ಕತ್ತೆಯ ಚಿತ್ರ ಕಂಡಿತಂತೆ. ಇದೇನು ಅಂತ ಇವರು ಬೆರಳು ತೋರಿಸಿದ್ದಕ್ಕೆ ಆ ಮುದುಕರು ಎರಡು ಕೈಯನ್ನೂ ಕಿವಿಯ ಪಕ್ಕ ಎತ್ತಿ ಹಿಡಿದು ಕತ್ತೆಯ ಹಾಗೆ ಅರಚಿ, ತಮ್ಮ ಮುಂಗೈಯ ಚರ್ಮ ಎಳೆದು ತೋರಿಸಿ, ಕುದಿಯುವ ಹಾಗೆ ಬೆರಳಾಡಿಸಿದರಂತೆ. ಐರೀನ್ ಸಂಕಟದಿಂದ ನಿಂತಿದ್ದಳಂತೆ. ಮೊಸರಿನ ಡಬ್ಬಿಯ ಹಿಂದೆ ಹುಡುಕುತ್ತಿದ್ದದ್ದು ಇದೇ ಅಂತ ಇವರಿಗೆ ಗೊತ್ತಾಯಿತು. ವೈದ್ಯರು ಹಲಗೆಗಳನ್ನು ಬೇಕಾದರೆ ವಾಪಸು ಡಬ್ಬಿಗೆ ಹಾಕುತ್ತೇನೆ ಅನ್ನುವ ಹಾಗೆ ಎತ್ತಿದರಂತೆ. ಇವರು ಅವರ ಕೈ ತಡೆದು, ಪೊಟ್ಟಣಕ್ಕೇ ಹಾಕಿಸಿದರು. ಗಿರಿಜಾಗೆ ಹೇಳಬೇಡಮ್ಮ ಅಂತ ಐರೀನ್‌ಗೆ ಕೈಮುಗಿದರು. ಭಾಷೆ ಬರದಿದ್ದರೂ ಅವಳಿಗೆ ಅದು ಅರ್ಥವಾಗಿತ್ತು.

"ನಿಂಗೆ ಹೇಳಿದ್ರೆ ನೀನು ಕುಡೀತಿರ್ಲಿಲ್ಲ. ರಕ್ತ ನಿಂತಿತ್ತಲ್ಲ, ಹೇಗೆ ಬಿಡಿಸ್ಲಿ? ಅದನ್ನ ಮುಟ್ಟಿದ ಕೈಲಿ ದೀಪ ಹಚ್ಚೋಕೆ ಮನಸ್ಸು ಬರ್ಲಿಲ್ಲ. ಸಿಟ್ಟಾದ್ರೆ ನನ್ನ ಮೇಲೆ ಸಿಟ್ಟಾಗಪ್ಪ ಕೃಷ್ಣ, ಮಗು ಒಂದು ಉಳಿಸು ಅಂದ್ಕೊಂಡು ದಿನಾ ತಿರುವಿದೆ. ಅವನು ನನ್ನ ಬಿಟ್ಟು ಮಗೂನ ತಗೊಂಡ. ನಿನ್ನ ಮಡಿಲು ಬರಿದು ಮಾಡಿದೋಳು ನಾನೇ ಕಣೇ."

ಡಾಕ್ಟರಮ್ಮ ಹೇಳಿದ್ದನ್ನು ಹೇಳಿದೆ. ಅವರಿಗೆ ಇದೆಲ್ಲ ಏನು ಗೊತ್ತು ಅಂದರು. ಹಿಂದಿನ ಎರಡು ಸಲ ಯಾವ ಕತ್ತೆಯೂ ಇರಲಿಲ್ಲವಲ್ಲ ಅತ್ತೆ ಅಂದೆ. ಅದು ಬೇರೆ ಅಂದರು. ಇಷ್ಟು ದಿನ ನಾನು ಅವರನ್ನು ಮನಸ್ಸಿನಲ್ಲೇ ಏನೆಲ್ಲ ಅಂದುಕೊಂಡು ಗೋಡೆಗೆ ಮುಖ ಹಾಕಿದ್ದೆನೋ, ಆ ಹೊತ್ತೆಲ್ಲ ಇವರು ಒಲೆಯ ಮುಂದೆ ಒಬ್ಬರೇ ಇದನ್ನು ಹೊತ್ತುಕೊಂಡು ನಿಂತಿದ್ದರು. ಹೆತ್ತಮ್ಮನೂ ನನಗಾಗಿ ಇಷ್ಟು ಮಾಡುತ್ತಿದ್ದಳೋ ಇಲ್ಲವೋ. ಏನಾದರೂ ಮಾಡಿ ಆ ಹೊರೆಯಲ್ಲಿ ಅರ್ಧವನ್ನಾದರೂ ಈಚೆಗೆ ಎಳೆದುಕೊಳ್ಳಬೇಕಿತ್ತು.

"ಅತ್ತೆ, ನಂಗೆ ಮೊದಲ ದಿನಾನೇ ಗೊತ್ತಿತ್ತು. ನೀವು ಬೇಡ ಅಂತೀರಾ ಅಂತ ನಾನೇ ಮುಚ್ಚಿಟ್ಟೆ" ಅಂದೆ.

ಅವರು ಆಗ ನನ್ನ ಕಡೆ ತಿರುಗಿದರು. "ಗೊತ್ತಿದ್ದೂ ಕುಡಿದ್ಯಾ?"

"ಗೊತ್ತಿದ್ದೇ ಕುಡಿದೆ."

ಶುದ್ಧ ಸುಳ್ಳು. ಆದರೆ ನನ್ನ ಜನ್ಮದಲ್ಲಿ ಅಷ್ಟು ನಿಚ್ಚಳವಾಗಿ ನಾನು ಯಾವ ನಿಜವನ್ನೂ ಹೇಳಿಲ್ಲ. ಅತ್ತೆ ಕೈ ಚಾಚಿ ನನ್ನನ್ನು ಹತ್ತಿರ ಎಳೆದುಕೊಂಡರು. ಇಬ್ಬರೂ ಆ ಲಿನೋಲಿಯಮ್ ನೆಲದ ಮೇಲೆ ಕೂತು ಅತ್ತೆವು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ಎದ್ದಾಗ ನನ್ನ ಮನಸ್ಸು ಕೊಂಚ ಹಗುರಾಗಿತ್ತು. ಅವರದ್ದೂ ಆಗಿರಬೇಕು ಅಂದುಕೊಂಡೆ.

ಮಾರನೆಯ ಬೆಳಗ್ಗೆ ಎಚ್ಚರವಾದಾಗ ಅಡುಗೆಮನೆಯಿಂದ ಸಣ್ಣಗೆ ಮಾತು ಕೇಳಿಸುತ್ತಿತ್ತು. ಹೋಗಿ ಬಾಗಿಲ ಪಕ್ಕ ನಿಂತೆ. ಅತ್ತೆ ಸ್ನಾನ ಮಾಡಿ, ಮುಚ್ಚಿದ ದೇವರ ಕಪಾಟಿನ ಮುಂದೆ ನಿಂತಿದ್ದರು. ಬಾಗಿಲು ತೆರೆದಿರಲಿಲ್ಲ, ಕೈ ಮುಗಿದಿರಲಿಲ್ಲ. ಬೆಂಗಳೂರಿಗೆ ಟ್ರಂಕ್ ಕಾಲ್ ಮಾಡಿದವರ ಹಾಗೆ, ಸ್ಪಷ್ಟವಾಗಿ ಕೇಳಿಸಲಿ ಅಂತ ಒಂದೊಂದೇ ಮಾತು ಬಿಡಿಸಿ ಹೇಳುತ್ತಿದ್ದರು.

"ಆ ಹುಡುಗಿ ಗೊತ್ತಿದ್ದೇ ಕುಡಿದೆ ಅಂತಾಳೆ. ಚಿಕ್ಕವಳು, ಮಗುವಿನ ಆಸೆ. ಅವಳ ಮೇಲೆ ಹಾಕ್ಬೇಡ. ಅವಳು ಕುಡಿದದ್ದೂ ನನ್ನ ತಲೆ ಮೇಲೇ ಇರಲಿ."